ಶಾಂತಕ್ಕನಿಗಾಗಿ ಹಾಕಿದ ಸಪಾಟು ದಾರಿ

ಇಂದು ಬೆಳಿಗ್ಗೆ ಯಾರೋ ಪ್ರವಾಸಿ ನಮ್ಮ ಬಟ್ಟೆ ಅಂಗಡಿಯ ಗಲ್ಲಾ ಪೆಟ್ಟಿಗೆಯ ಮೇಲೆ ಬಣ್ಣದ ಹಾಳೆಯೊಂದನ್ನು ಮರೆತುಹೋದ. ಪಣಜಿಯ ಹಳೇ ಕೇರಿಯನ್ನು ನಡೆದು ನೋಡುವವರಿಗಾಗಿ ಮಾಡಿದ ನಕ್ಷೆ. ಫೆರಿ ಧಕ್ಕೆಯಿಂದ ಹೊರಟು, ಮಾಂಡವಿ ನದಿಯ ದಂಡೆಗುಂಟ ಸಾಗಿ, ಹಳೇ ಸಚಿವಾಲಯ ದಾಟಿ, ಫೊಂಟೇನ್ಹಾಸಿನ ಹಳದಿ ನೀಲಿ ಮನೆಗಳ ಓಣಿಯಲ್ಲಿ ಮುಗಿಯುವ ಕೆಂಪು ಚುಕ್ಕಿಗಳ ಸಾಲು. ಇತಿಹಾಸದ ಜೊತೆ ಒಂದು ಸಂಜೆಯಂತೆ! ಇದೇ ದಾರಿಯನ್ನು ಎಂಟು ವರ್ಷ ಮೊದಲೇ ನಾನು ಹಾಕಿಟ್ಟಿದ್ದೆ, ನನ್ನ ಅಕ್ಕನ ಎಡಗಾಲಿನ ಸಲುವಾಗಿ.

ಗೋವೆಯಲ್ಲಿ ಅಂಗಡಿ ಇಟ್ಟ ನಮ್ಮ ಧಾರವಾಡ ಕಡೆಯವರ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಮನೆಗಳಿಗೆ ಹೆಣ್ಣು ನೋಡಲು ಬರುವವರು ಹಾಗೆಂದು ಹೇಳುವುದಿಲ್ಲ. 'ಗೋವಾ ನೋಡಾಕ ಬರ್ತೇವಿ' ಎಂದು ಕಾಗದ ಬರೆಯುತ್ತಾರೆ. ಹುಡುಗಿ ಒಪ್ಪಿಗೆಯಾಗದಿದ್ದರೆ ಗೋವಾ ನೋಡಿ ಹೋದರು, ಅಷ್ಟೇ. ಎರಡೂ ಕಡೆ ಮಾನ ಉಳಿಯಿತು. ಸಂಜೆ ಹುಡುಗಿಯ ಜೊತೆ ನದಿದಂಡೆಯಲ್ಲಿ ಎಲ್ಲರೂ ಅಡ್ಡಾಡುತ್ತಾರೆ. ನದಿಯನ್ನು ಯಾರೂ ನೋಡುವುದಿಲ್ಲ. ಶಾಂತಕ್ಕನ ಸಲುವಾಗಿ ಬಂದ ತಂಡಗಳೆಲ್ಲ ನನ್ನ ಡೈರಿಯಲ್ಲಿವೆ: ಒಟ್ಟು ಐದು. ಹಡಗಿನ ಬಗ್ಗೆ ಕೇಳಿದವರು ಸೊನ್ನೆ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡವರು ಒಂಬತ್ತು ಜನ.

ಚಿಕ್ಕಂದಿನ ಜ್ವರವೊಂದು ಅಕ್ಕನ ಎಡಗಾಲನ್ನು ತುಸು ಗಿಡ್ಡ ಮಾಡಿತ್ತು. ಮೊದಲ ನಾಲ್ಕು ತಂಡಗಳು ಅದನ್ನು ನೋಡಿ ಸುಮ್ಮನಾದವು. ಅವಳಿಗೆ ಇಪ್ಪತ್ತಾರು, ಹುಬ್ಬಳ್ಳಿಯ ಐದನೆಯವರೂ ಒಲ್ಲೆಂದರೆ ಇನ್ನು ಯಾರೂ ಬರಲಾರರೆಂದು ಅಪ್ಪನಿಗೆ ಹೆದರಿಕೆ. "ಸುಳ್ಳ ಹೇಳೂದು ಬ್ಯಾಡ. ಕೇಳಿದ್ರ ಹೇಳೂಣು. ಕೇಳಲಾರಧಂಗ ಮಾಡೂಣು," ಎಂದು ನನ್ನನ್ನು ಕರೆದರು.

ಹದಿನೇಳರ ನನಗೆ ತಾರೀಖು ಹಾಕಿ ಎಲ್ಲವನ್ನೂ ಎಣಿಸುವ ಚಟ. ಎರಡು ಭಾನುವಾರ ಒಬ್ಬಳೇ ನಡೆದು ಹೆಜ್ಜೆ ಲೆಕ್ಕ ಹಾಕಿದೆ. ಕಲ್ಲುಬೆಂಚು ಹನ್ನೊಂದು, ಏರು ಇಲ್ಲ, ಮೆಟ್ಟಿಲು ಇಲ್ಲ. ಸಪಾಟು ನೆಲದಲ್ಲಿ ಆಗಾಗ ಕೂತು ಸಾವಕಾಶ ನಡೆದರೆ ಅಕ್ಕನ ಕುಂಟು ಅಷ್ಟಾಗಿ ಕಾಣುತ್ತಿರಲಿಲ್ಲ. ಪ್ರತಿ ಬೆಂಚಿನ ಬಳಿ ನಾನು "ಕಾಲು ನೋಯಾಕತ್ತಾವ" ಎಂದು ಕೂರಬೇಕು. ತಂಗಿಗಾಗಿ ಅಕ್ಕನೂ ಕೂರಬೇಕು. ಚರ್ಚಿನ ಮೆಟ್ಟಿಲಿನತ್ತ ಹೊರಳುವ ತಿರುವಿನಲ್ಲಿ ಅಪ್ಪ ಎಲ್ಲರಿಗೂ ದೋಣಿ ತೋರಿಸಬೇಕು. ದಂಡನಾಯಕನಿಗೂ ಇಂಥ ವ್ಯೂಹ ಹೊಳೆಯಲಿಕ್ಕಿಲ್ಲವೆಂದು ಬೀಗಿದೆ. ಅಕ್ಕ ಕೇಳಿ "ಹೂಂ" ಎಂದಳು.

ಬಂದವರು ಮೂವರು: ವರ, ಅವನ ತಾಯಿ, ಸೋದರಮಾವ. ಮಾವ ಮಾಂಡವಿಯನ್ನು ಮೇಲಿಂದ ಕೆಳಗೆ ನೋಡಿ, "ನಮ್ಮ ಉಣಕಲ್ ಕೆರಿ ಇದಕ್ಕಿಂತ ಚಲೋ ಐತ್ರಿ. ಇಲ್ಲಿ ನೀರು ಭಾಳ ಐತಿ, ಅಷ್ಟ," ಎಂದು ತೀರ್ಪು ಕೊಟ್ಟರು. ವರ ದಾರಿಯುದ್ದಕ್ಕೂ ಆಡಿದ್ದು ಎರಡು ಮಾತು, ಎರಡೂ ತಾಯಿಯೊಡನೆ. ವ್ಯೂಹ ಹನ್ನೊಂದನೆಯ ಬೆಂಚಿನವರೆಗೂ ಚೆನ್ನಾಗಿಯೇ ನಡೆಯಿತು. ಫೊಂಟೇನ್ಹಾಸಿನ ಓಣಿಯಲ್ಲಿ ಆ ತಾಯಿ ತಲೆ ಎತ್ತಿದರು. ಗುಡ್ಡದ ಮೇಲೆ ಕೇಸರಿ ಧ್ವಜ.

"ಅದ್ಯಾವ ಗುಡಿ ರೀ?"

"ಮಾರುತೀದ್ರಿ," ಎಂದರು ಅಪ್ಪ. ಕೇಳಿದರೆ ಹೇಳಬೇಕಲ್ಲ!

"ಅಯ್ಯ! ಇವತ್ತ ಶನಿವಾರ. ದರ್ಶನ ಬಿಟ್ಟು ಹ್ಯಾಂಗ ಹೋಗೂದ್ರಿ?"

ಹೆಜ್ಜೆ ಎಣಿಸಿದ್ದೆ, ಬೆಂಚು ಎಣಿಸಿದ್ದೆ. ತಾರೀಖಿನ ಪಕ್ಕ ನಾನೇ ಬರೆದಿದ್ದ ವಾರವನ್ನು ಮಾತ್ರ ನೋಡಿರಲಿಲ್ಲ. ಶನಿವಾರ ಮಾರುತಿಯನ್ನು ದಾಟಿ ಹೋಗುವ ಹುಬ್ಬಳ್ಳಿಯ ತಾಯಿ ಇನ್ನೂ ಹುಟ್ಟಿಲ್ಲ.

"ಮೆಟ್ಟಲ ಭಾಳ ಅದಾವ್ರಿ, ನಿಮಗ ತ್ರಾಸು..." ಎಂದು ಅಪ್ಪ ತಡವರಿಸಿದರು. ನಾನು ಕಾಲು ಹಿಡಿದುಕೊಂಡು ನರಳಿದೆ.

"ನೀ ಇಲ್ಲೇ ಕುಂದ್ರವ್ವಾ," ಎಂದರು ಆಕೆ. "ಅಕ್ಕ ಬರ್ಲಿ."

ಅಕ್ಕ ಸೀರೆಯ ನಿರಿಗೆ ಎತ್ತಿ ಹಿಡಿದಳು. "ಬರ್ರಿ, ಹೋಗೂಣು."

ನನ್ನ ಸುಳ್ಳಿಗೆ ಕಟ್ಟುಬಿದ್ದು ನಾನು ಕೆಳಗೇ ಉಳಿದೆ. ಪ್ರತಿ ಮೆಟ್ಟಿಲಿಗೂ ಎಡಕ್ಕೆ ವಾಲುತ್ತ, ಮುಚ್ಚುಮರೆ ಇಲ್ಲದೆ, ಒಮ್ಮೆಯೂ ನಿಲ್ಲದೆ ಅಕ್ಕ ಏರಿದಳು. ಅರ್ಧದಲ್ಲಿ ಮಾವ ಕುಸಿದು ಕುಳಿತರು. ತಾಯಿ ಗೋಡೆ ಹಿಡಿದರು, ವರ ತಾಯಿಯನ್ನು ಹಿಡಿದ. ಮೇಲಿಂದ ಮಾವನನ್ನು ಕರೆಯುವ ಅಕ್ಕನ ದನಿ ಬಂತು: "ಕಾಕಾರ, ಸಾವಕಾಶ ಬರ್ರಿ! ಮಾರುತಿ ಎಲ್ಲೂ ಹೋಗೂದಿಲ್ಲ!"

ಎಂಟನೆಯ ದಿನ ಕಾಗದ ಬಂತು. ಅದರಲ್ಲಿ ಕಾಲಿನ ಸುದ್ದಿಯೇ ಇಲ್ಲ. ಹುಡುಗಿ ಹಿರಿಯರನ್ನು ಹಿಂದೆ ಬಿಟ್ಟು ನಡೆಯುವವಳು, ನಮ್ಮ ಮನೆತನಕ್ಕೆ ಹೊಂದುವುದಿಲ್ಲ ಎಂದಿತ್ತು. ಅಪ್ಪ ಎರಡು ಸಲ ಓದಿ ಮಡಚಿಟ್ಟರು. ಅಕ್ಕ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಕುಂಟಿ ಅನ್ನಲಿಲ್ಲ ನೋಡಪಾ, ಜೋರ ನಡೀತಾಳ ಅಂದ್ರು!"

ಆಮೇಲೆ ಗೋವಾ ನೋಡಲು ಯಾರೂ ಬರಲಿಲ್ಲ. ಅಪ್ಪನಿಗೆ ವಯಸ್ಸಾಗಿ, ಈಗ ಅಂಗಡಿ ಅಕ್ಕನದೇ. ನಕ್ಷೆಯನ್ನು ಅವಳ ಮುಂದೆ ಹಿಡಿದು, ಹುಬ್ಬಳ್ಳಿಯವರನ್ನು ಮತ್ತೊಮ್ಮೆ ಆಡಿಕೊಂಡು ನಕ್ಕು, ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದೆ: "ಅವತ್ತ ಕಾಲು ಭಾಳ ನೊಂದಿತ್ತೇನ ಅಕ್ಕಾ?"

ಅವಳು ಲಂಗದ ಬಟ್ಟೆ ಅಳೆಯುತ್ತಿದ್ದಳು. "ಮೆಟ್ಟಲ ಏರೂಮುಂದ ಏನೂ ಅನಸಲಿಲ್ಲ," ಎಂದಳು. "ಕೆಳಗ ನೀವು ತಂದಿ-ಮಗಳು ಕೂಡಿ ನನ್ನ ಮುಚ್ಚಿಕೊಂಡು ನಡಸಾಕತ್ತಿದ್ರಲ್ಲ, ಅವಾಗ ನೊಂದಿತ್ತು."

ಚರ್ರೆಂದು ಬಟ್ಟೆ ಹರಿದು ಗಿರಾಕಿಗೆ ಕೊಟ್ಟಳು. ನಾನು ನಕ್ಷೆಯನ್ನು ಮಡಚತೊಡಗಿದೆ. ಹುಬ್ಬಳ್ಳಿಯವರು ಅವಳ ಕಾಲನ್ನು ನೋಡಿದ್ದು ಒಂದು ಸಂಜೆ. ಅದನ್ನು ಮುಚ್ಚಲು ನಾನು ಎರಡು ಭಾನುವಾರ ನಡೆದಿದ್ದೆ.