ಮೇಯರ್ ಪತ್ರದ ಕೊನೆಯ ಸಾಲು

ಬೆಳಗ್ಗೆ ಏಳೂಕಾಲಿಗೆ ಮೊದಲ ಫೋನು ಬಂತು. ಟೈಲರಮ್ಮ ಆಗಷ್ಟೇ ಅಂಗಡಿಯ ಬಾಗಿಲು ಎತ್ತಿ, ಹೊಲಿಗೆ ಯಂತ್ರಕ್ಕೆ ಎರಡು ತೊಟ್ಟು ಎಣ್ಣೆ ಬಿಟ್ಟು, ಶಾಲೆ ಮಕ್ಕಳ ಅಂಗಿಗಳಿಗೆ ಹಚ್ಚಬೇಕಿದ್ದ ಕಾಲರುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು.

“ಮೂರು ದಿನದಿಂದ ನಲ್ಲೀಲಿ ಒಂದು ಹನಿ ನೀರಿಲ್ಲ. ಏನ್ಮಾಡ್ತಿದೀರಿ ಅಲ್ಲಿ ಎಲ್ಲರೂ? ನಿದ್ದೇನಾ?” ಎಂದು ಯಾವುದೋ ಗಂಡಸಿನ ದನಿ ಗದರಿಸಿತು.

“ಇದು ಹೊಲಿಗೆ ಅಂಗಡಿ ಕಣ್ರೀ.”

“ಹೊಲಿಗೆ ಅಂಗಡಿ ನಂಬರನ್ನ ಮೇಯರ್ ಯಾಕಮ್ಮ ಹಾಕಿಸ್ತಾರೆ? ನೀರು ಬಿಡ್ತೀರೋ ಇಲ್ವೋ ಅಷ್ಟು ಹೇಳಿ.”

ಅವಳು ಫೋನು ಕೆಳಗಿಡುವಷ್ಟರಲ್ಲಿ ಇನ್ನೊಂದು. ಅದು ಬೀದಿ ದೀಪದ್ದು. ಆಮೇಲೆ ಕಸದ ಗಾಡಿ, ಸತ್ತ ನಾಯಿ, ತಂತಿಗೆ ತಾಗುತ್ತಿರುವ ಮರದ ಕೊಂಬೆ. ಮಧ್ಯಾಹ್ನದ ಹೊತ್ತಿಗೆ ಅವಳ ತಲೆ ಚಿಟ್ಟು ಹಿಡಿದು ಹೋಗಿತ್ತು. ಪಕ್ಕದ ಔಷಧಿ ಅಂಗಡಿಯವನು ಒಂದು ಕಾಗದ ಹಿಡಿದುಕೊಂಡು ನಗುತ್ತ ಬಂದ. “ನೋಡಿ, ದೊಡ್ಡ ಮನುಷ್ಯರಾಗ್ಬಿಟ್ರಿ” ಎಂದು ಬೆರಳಿಟ್ಟು ತೋರಿಸಿದ.

ಹದಿನೈದು ದಿನಕ್ಕೊಮ್ಮೆ ಊರಿನ ಪ್ರತಿ ಮನೆಯ ಬಾಗಿಲ ಸಂದಿಯಲ್ಲಿ ಬೀಳುತ್ತಿದ್ದ ಮೇಯರ್ ಪತ್ರ ಅದು. ನಾಲ್ಕು ಪುಟ, ನುಣ್ಣನೆಯ ಕಾಗದ. ‘ನನ್ನ ನಗರದ ಬಂಧುಗಳೇ’ ಎಂದು ಶುರುವಾಗುತ್ತಿತ್ತು. ಯಾವ ರಸ್ತೆ ಅಗೆಯುತ್ತಾರೆ, ಯಾವ ಉದ್ಯಾನಕ್ಕೆ ಹೊಸ ಬೆಂಚು ಬಂತು, ಎಷ್ಟು ಚರಂಡಿಯ ಹೂಳು ತೆಗೆದರು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಈ ಸಲ ಕೊನೆಯಲ್ಲಿ ಹೊಸದೊಂದು ಸಾಲು ಸೇರಿತ್ತು: ‘ಏನೇ ತೊಂದರೆಯಿದ್ದರೂ ಈ ಸಂಖ್ಯೆಗೆ ಕರೆ ಮಾಡಿ. ನಿಮ್ಮ ಮಾತಿಗೆ ನಾವು ಕಿವಿಯಾಗುತ್ತೇವೆ.’ ಸಂಖ್ಯೆಯ ಕೊನೆಯ ಎರಡು ಅಂಕಿ ಅಚ್ಚಿನಲ್ಲಿ ಹಿಂದುಮುಂದಾಗಿ, ಅದು ಅಂಗಡಿಯ ಹಲಗೆಯ ಮೇಲೆ ಇಪ್ಪತ್ತು ವರ್ಷದಿಂದ ಬರೆದಿದ್ದ ಟೈಲರಮ್ಮನ ನಂಬರೇ ಆಗಿತ್ತು.

ಟೈಲರಮ್ಮನಿಗೆ ಆಗ ನಲವತ್ತೇಳು. ಅಂಗಡಿ ಅವಳ ಅಪ್ಪನದು. ಅಪ್ಪನಿಗೆ ಪಾರ್ಶ್ವವಾಯು ಬಡಿದು ಆರು ವರ್ಷ ಹಾಸಿಗೆ ಹಿಡಿದಾಗ ಹೊಲಿಗೆಯೂ ಅಪ್ಪನ ಚಾಕರಿಯೂ ಇವಳ ಪಾಲಿಗೆ ಬಂದವು. ಅವನು ಹೋಗುವಷ್ಟರಲ್ಲಿ ಇವಳ ಮದುವೆಯ ಮಾತು ಎತ್ತುವವರು ಯಾರೂ ಉಳಿದಿರಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅಣ್ಣ, ಅತ್ತಿಗೆ ಇದ್ದರು. ಅಣ್ಣ ಬಸ್ ಡಿಪೋದಲ್ಲಿ ಗುಮಾಸ್ತ. ಇವಳು ಮಲಗುತ್ತಿದ್ದದ್ದು ಅಂಗಡಿಯ ಹಿಂದೆ, ಬಟ್ಟೆಯ ಥಾನುಗಳ ಪಕ್ಕದಲ್ಲಿ.

ಅವಳದು ಮಾತಿಲ್ಲದ ಕೆಲಸ. ಗಿರಾಕಿಗಳ ಕಾಲ ಬುಡದಲ್ಲಿ ಮಂಡಿಯೂರಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಗಿರಾಕಿಗಳು ಅವಳ ತಲೆಯ ಮೇಲಿಂದ ತಮ್ಮ ಪಾಡಿಗೆ ಮಾತಾಡಿಕೊಳ್ಳುತ್ತಿದ್ದರು. ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ, ಬಟ್ಟೆ ಯಾವತ್ತು ಸಿಗುತ್ತದೆ ಎಂಬುದೊಂದನ್ನು ಬಿಟ್ಟು.

ಮಾರನೆಯ ದಿನವೇ ಅವಳು ಪಾಲಿಕೆ ಕಚೇರಿಗೆ ಹೋದಳು. ಎರಡನೇ ಮಹಡಿಯಲ್ಲಿ ಪ್ರಕಟಣೆ ವಿಭಾಗ. ಮೇಯರ್ ಪತ್ರ ಬರೆಯುವ ಸಾಹೇಬರು ಅಲ್ಲಿದ್ದರು. ಅವರು ಪತ್ರವನ್ನೊಮ್ಮೆ, ಇವಳನ್ನೊಮ್ಮೆ ನೋಡಿದರು.

“ಮೇಯರ್ ಪತ್ರದಲ್ಲಿ ತಪ್ಪು ಬರಲ್ಲಮ್ಮ.”

“ಬಂದಿದೆಯಲ್ಲ ಸಾರ್.”

“ಬಂದಿದೆ ಅಂತ ನೀವಂತೀರಿ. ನಾವು ತಿದ್ದುಪಡಿ ಹಾಕಿದ್ರೆ, ಬಂದಿದೆ ಅಂತ ನಾವೇ ಅಂದಂಗಾಗುತ್ತೆ. ನೀವೇ ಯಾಕೆ ನಂಬರ್ ಬದಲಾಯಿಸ್ಬಾರ್ದು?”

“ಗಿರಾಕಿಗಳ ಹತ್ರ ಇರೋದೆಲ್ಲ ಇದೇ ನಂಬರ್ ಸಾರ್. ಹೊಟ್ಟೆಪಾಡು.”

ಸಾಹೇಬರ ಹಿಂದೆ ಒಂದು ಮೇಜು. ಅದರ ಮೇಲೆ ಹೊಚ್ಚ ಹೊಸ ಫೋನು, ಸುತ್ತ ಮೂವರು ನೌಕರರು. ಫೋನು ಒಮ್ಮೆಯೂ ಹೊಡೆದುಕೊಳ್ಳಲಿಲ್ಲ. ಒಬ್ಬಳು ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ಮುಂದಿನ ಪತ್ರದಲ್ಲಿ ಮೇಯರ್ ಬರೆದರು: ‘ದೂರು ಕೇಂದ್ರಕ್ಕೆ ಈ ಹದಿನೈದು ದಿನದಲ್ಲಿ ಬಂದ ದೂರುಗಳ ಸಂಖ್ಯೆ ಸೊನ್ನೆ. ನಮ್ಮ ನಗರ ನೆಮ್ಮದಿಯಿಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?’ ಆಮೇಲಂತೂ ಆ ಅಂಕಿಗಳನ್ನು ತಿದ್ದುವ ಮನಸ್ಸು ಯಾರಿಗೂ ಬರಲಿಲ್ಲ.

ಬೈಗುಳ ಕೇಳಿ ಕೇಳಿ ಸಾಕಾದ ಮೇಲೆ ಟೈಲರಮ್ಮ ‘ಇದು ಹೊಲಿಗೆ ಅಂಗಡಿ’ ಎನ್ನುವುದನ್ನು ನಿಲ್ಲಿಸಿದಳು. ಹಾಗೆಂದರೆ ಬೈಗುಳ ಹೆಚ್ಚಾಗುತ್ತಿತ್ತು. ‘ಆಯ್ತು, ಬರ್ಕೋತೀನಿ’ ಎಂದರೆ ಜನ ಒಂದೇ ನಿಮಿಷದಲ್ಲಿ ತಣ್ಣಗಾಗುತ್ತಿದ್ದರು. ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವಳು ಬೀದಿ, ಮನೆ ನಂಬರು, ತೊಂದರೆ ಎಲ್ಲ ಬರೆದುಕೊಂಡಳು. ಶನಿವಾರ ಹಾಳೆ ಹರಿದು ತೆಗೆದುಕೊಂಡು ಹೋಗಿ ಸಾಹೇಬರ ಮುಂದೆ ಹಿಡಿದಳು. “ಅಲ್ಲಿಡಿ” ಎಂದರು ಅವರು.

ಎರಡನೆಯ ವಾರ ಒಬ್ಬ ಮುದುಕಿ ಫೋನು ಮಾಡಿದಳು. “ನಮ್ಮ ಮೂಲೆ ದೀಪ ಹತ್ತಿಕೊಳ್ತು ಕಣವ್ವ. ಒಂದು ವರ್ಷದಿಂದ ಕತ್ತಲೇಲಿದ್ವಿ. ನಿನ್ನ ಹೊಟ್ಟೆ ತಣ್ಣಗಿರಲಿ.” ದೀಪ ಹತ್ತಿದ್ದಕ್ಕೆ ಟೈಲರಮ್ಮ ಕಾರಣವಾಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೂ ಆವತ್ತು ಸಂಜೆಯವರೆಗೆ ಯಂತ್ರ ತುಳಿಯುತ್ತ ಆ ಮಾತನ್ನೇ ಮೆಲುಕು ಹಾಕಿದಳು. ಮೇಡಂ ಎಂದು ಕರೆಯುತ್ತಿದ್ದರು ಜನ. ‘ಮೇಡಂ, ನೀವಿದ್ದೀರಿ ಅಂತ ಧೈರ್ಯ’ ಎಂದು ಒಬ್ಬ ಹೇಳಿದ್ದ. ಅವಳ ದನಿ ಬದಲಾಯಿತು. ‘ಬರ್ಕೋತೀನಿ’ ಎಂಬುದು ‘ನೋಡ್ತೀವಿ’ ಆಯಿತು. ‘ನೋಡ್ತೀವಿ’ ಎಂಬುದು ‘ನಾಳೆ ನಮ್ಮವರು ಬರ್ತಾರೆ’ ಆಯಿತು.

“ಮೇಯರಮ್ಮನೋರೇ, ಊಟಕ್ಕೆ ಬರ್ತೀರೋ, ಇಲ್ಲ ಮೀಟಿಂಗ್ ಇದೆಯೋ?” ಎಂದು ಅತ್ತಿಗೆ ಮೆಟ್ಟಿಲ ಮೇಲಿಂದ ಕೂಗುತ್ತಿದ್ದಳು. ಅಣ್ಣ ತಟ್ಟೆಯಿಂದ ತಲೆ ಎತ್ತದೆ ನಗುತ್ತಿದ್ದ. ಹೊಲಿಗೆ ತಡವಾಗಿ ಎರಡು ಶಾಲೆಯವರು ಬೇರೆ ಟೈಲರನ್ನು ಹಿಡಿದಾಗ ಮಾತ್ರ ನಗು ನಿಂತಿತು. “ಹುಚ್ಚು ಬಿಡು. ಇಲ್ಲಾಂದ್ರೆ ಆ ಫೋನನ್ನ ನಾನೇ ಕುಟ್ಟಿ ಪುಡಿ ಮಾಡ್ತೀನಿ” ಎಂದ.

ದಿನಾ ಎಂಟೂಕಾಲಿಗೆ ತಪ್ಪದೆ ಫೋನು ಮಾಡುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಅವರ ಮನೆಯ ಮುಂದೆ ಒಳಚರಂಡಿಯ ಗುಂಡಿಗೆ ಮುಚ್ಚಳವಿರಲಿಲ್ಲ. ಕಬ್ಬಿಣದ್ದೆಂದು ಯಾರೋ ಕಿತ್ತುಕೊಂಡು ಹೋಗಿದ್ದರು.

“ನನ್ನ ಹೆಂಡತಿಗೆ ಕಣ್ಣು ಕಾಣಲ್ಲ ಮೇಡಂ. ಗುಂಡಿ ಮೇಲೆ ಒಂದು ಮುರುಕು ಕುರ್ಚಿ ಅಡ್ಡ ಹಾಕಿದೀನಿ. ಅವಳು ಕೋಲಲ್ಲಿ ಕುರ್ಚಿ ತಟ್ಟಿ, ಪಕ್ಕಕ್ಕೆ ಹೋಗ್ತಾಳೆ. ಎಷ್ಟು ದಿನ ಹಿಂಗೆ?”

“ಈ ವಾರ ಆಗುತ್ತೆ ಮೇಷ್ಟ್ರೇ.”

ಮೇಷ್ಟ್ರು ಬೈಯುವವರಲ್ಲ. ದೂರು ಹೇಳಿ ಮುಗಿಸಿದ ಮೇಲೆ ನಾಲ್ಕು ಮಾತಾಡುತ್ತಿದ್ದರು. ಹೆಂಡತಿ ಬೆರಳಿನಿಂದ ತಡವಿಯೇ ಅಂಗಿಯ ಗುಂಡಿ ಹಚ್ಚುತ್ತಾಳೆ ಎಂದು ಒಮ್ಮೆ ಹೇಳಿದರು. ‘ದಾರ ನುಂಗುವ ಸೂಜಿ ಸಿಗುತ್ತೆ, ತಂದ್ಕೊಡಿ, ಪೋಣಿಸೋದು ಸುಲಭ’ ಎಂದು ಟೈಲರಮ್ಮನ ಬಾಯಿಂದ ಜಾರಿಬಿಟ್ಟಿತು. “ಮೇಯರ್ ಆಫೀಸಿನೋರಿಗೆ ಹೊಲಿಗೇನೂ ಗೊತ್ತಾ!” ಎಂದು ಮೇಷ್ಟ್ರು ನಕ್ಕರು. ಅವಳೂ ನಕ್ಕಳು. ಎಂಟೂಕಾಲು ಆಗುವುದನ್ನೇ ಅವಳು ಕಾಯತೊಡಗಿದ್ದಳು.

ಮುಚ್ಚಳದ ವಿಷಯವನ್ನು ನಾಲ್ಕು ಶನಿವಾರ ಕೆಂಪು ಶಾಯಿಯಲ್ಲಿ ಬರೆದು ಕೊಟ್ಟಳು. ಐದನೆಯ ಶನಿವಾರ ಸಾಹೇಬರು ಕುರ್ಚಿಯಲ್ಲಿರಲಿಲ್ಲ. ಉಗುರು ಕತ್ತರಿಸುತ್ತಿದ್ದವಳು ಚೆಲ್ಲಿದ ಚಹಾವನ್ನು ಒರೆಸುತ್ತಿದ್ದಳು. ಒರೆಸುತ್ತಿದ್ದದ್ದು ಅಳತೆ ಪುಸ್ತಕದ ಗೆರೆ ಹಾಳೆಯಿಂದ. ಕೆಂಪು ಶಾಯಿ ಮೇಜಿನ ಮೇಲೆಲ್ಲ ಹರಡಿತ್ತು. ಮೇಜಿನ ಕೆಳಗಿನ ಬುಟ್ಟಿಯಲ್ಲಿ ಉಳಿದ ಹಾಳೆಗಳೂ ಇದ್ದವು, ಮಡಿಕೆ ಸಹ ಬಿಚ್ಚದೆ.

“ಏನಾಗ್ಬೇಕಿತ್ತು?” ಎಂದಳು ಅವಳು.

“ಏನಿಲ್ಲ” ಎಂದು ಟೈಲರಮ್ಮ ಹಿಂದಿರುಗಿದಳು.

ಆ ದಿನವೇ ಅವಳು ಎಲ್ಲರಿಗೂ ನಿಜ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಕಚೇರಿಗೆ ಹೋಗುವುದನ್ನು ಬಿಟ್ಟಳು, ಬರೆದುಕೊಳ್ಳುವುದನ್ನೂ ಬಿಟ್ಟಳು. ಫೋನು ಎತ್ತುವುದನ್ನು ಮಾತ್ರ ಬಿಡಲಿಲ್ಲ. ‘ಮೇಡಂ’ ಎಂಬ ಮಾತನ್ನು ಬಿಟ್ಟುಕೊಡಲು ಅವಳಿಂದ ಆಗಲಿಲ್ಲ.

ಮುಂದಿನ ಬುಧವಾರ ಮೇಷ್ಟ್ರ ದನಿಯಲ್ಲಿ ಮೊದಲ ಸಲ ದಣಿವಿತ್ತು. “ನಿಜ ಹೇಳಿ ಮೇಡಂ, ಆಗುತ್ತೋ ಇಲ್ವೋ?”

ಅಂಗಡಿಯಲ್ಲಿ ಗಿರಾಕಿಯೊಬ್ಬ ಅರ್ಧ ಹೊಲಿದ ಕೋಟು ತೊಟ್ಟು ಕಾಯುತ್ತಿದ್ದ. ಟೈಲರಮ್ಮ ಸೂಜಿಗಳನ್ನು ಬಾಯಿಂದ ತೆಗೆದು, “ಇವತ್ತು ಮಧ್ಯಾಹ್ನ ಬಂದು ಹಾಕ್ತಾರೆ ಮೇಷ್ಟ್ರೇ. ನಾನೇ ಹೇಳಿದೀನಿ” ಎಂದಳು.

“ಖಂಡಿತಾನಾ?”

“ಖಂಡಿತ.”

ಮಾರನೆಯ ದಿನ ಎಂಟೂಕಾಲಿಗೆ ಫೋನು ಬರಲಿಲ್ಲ. ಅದರ ಮಾರನೆಯ ದಿನ ಹತ್ತು ಗಂಟೆಗೆ ಬಂತು.

“ಮೇಡಂ, ಆ ಮುಚ್ಚಳ ಇನ್ನು ಬೇಡ” ಎಂದರು ಮೇಷ್ಟ್ರು. ದನಿ ನೆಟ್ಟಗಿತ್ತು, ಪಾಠ ಒಪ್ಪಿಸಿದ ಹಾಗೆ. “ಕೆಲಸದೋರಿಗೆ ಅಡ್ಡ ಆಗ್ಬಾರ್ದು ಅಂತ ಮೊನ್ನೆ ಮಧ್ಯಾಹ್ನ ನಾನೇ ಕುರ್ಚಿ ತೆಗೆದಿಟ್ಟೆ. ಒಳಗೆ ಕೂತು ಕಾಯ್ತಾ ಕಾಯ್ತಾ ಜೊಂಪು ಹತ್ತಿಬಿಡ್ತು. ಬಂದಿರ್ತಾರೆ ಅಂತ ಅವಳು ಅವರಿಗೆ ಕುಡಿಯೋಕೆ ನೀರು ತಗೊಂಡು ಹೋಗಿದಾಳೆ. ಕುರ್ಚಿ ಸಿಗ್ಲಿಲ್ಲವಲ್ಲ, ಇನ್ನೂ ದೂರ ಇದೆ ಅನ್ಕೊಂಡಿರ್ಬೇಕು. ನಿಮ್ಮವರು ಬರ್ಲೇ ಇಲ್ಲ” ಎಂದು ಫೋನಿಟ್ಟರು.

ಟೈಲರಮ್ಮ ಅಂಗಡಿಯ ಬಾಗಿಲು ಎಳೆದು, ಚಪ್ಪಲಿಯನ್ನೂ ಮೆಟ್ಟದೆ ಹೊರಟಳು. ಆ ವಿಳಾಸ ಅವಳಿಗೆ ಬಾಯಿಪಾಠವಾಗಿತ್ತು. ಕಿರಿದಾದ ಬೀದಿ, ಹಸಿರು ಬಾಗಿಲು. ಗುಂಡಿಯ ಮೇಲೆ ಈಗ ಯಾರೋ ಬಾಗಿಲ ಹಲಗೆಯೊಂದನ್ನು ಹಾಕಿ ಕಲ್ಲು ಹೇರಿದ್ದರು. ಮೇಷ್ಟ್ರು ತೆಳ್ಳಗೆ, ಉದ್ದಕ್ಕಿದ್ದರು. ಅಂಗಿಯ ಮೇಲಿನ ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹಚ್ಚಲಾಗಿತ್ತು.

“ಫೋನಲ್ಲಿ ಮಾತಾಡ್ತಿದ್ದೋಳು ನಾನೇ ಮೇಷ್ಟ್ರೇ. ನಾನು ಮೇಯರ್ ಆಫೀಸಿನೋಳಲ್ಲ. ಹೊಲಿಗೆ ಮಾಡೋಳು. ನಂಬರ್ ತಪ್ಪಾಗಿ ಅಚ್ಚಾಗಿತ್ತು.”

ಮೇಷ್ಟ್ರು ಬಾಗಿಲ ಮೇಲೆ ಕೈಯಿಟ್ಟರು.

“ಮೊದಲನೇ ದಿನಾನೇ ಹೇಳಿದ್ರೆ ನಾನು ಕುರ್ಚಿ ತೆಗೀತಿರ್ಲಿಲ್ಲ” ಎಂದರು. ಬಾಗಿಲು ಮೆಲ್ಲಗೆ ಹಾಕಿಕೊಂಡರು. ಒಳಗಿನಿಂದ ಚಿಲಕ ಬಿದ್ದ ಸದ್ದು ಅವಳಿಗೆ ಕೇಳಿಸಿತು.

ಪೊಲೀಸರಿಗೆ ದೂರು ಕೊಟ್ಟದ್ದು ಮೇಷ್ಟ್ರಲ್ಲ, ಪಾಲಿಕೆ. ಕಣ್ಣಿಲ್ಲದ ಹೆಂಗಸು ಗುಂಡಿಗೆ ಬಿದ್ದು ಸತ್ತ ಸುದ್ದಿ ಪೇಪರಿಗೆ ಬಂದಾಗ ಯಾರದಾದರೂ ತಲೆ ಬೇಕಾಗಿತ್ತು. ಸಾಹೇಬರು ತನಿಖೆ ಮಾಡಿದರು, ತಲೆ ಕೈಗೆ ಸಿಕ್ಕಿತು. ಅಧಿಕಾರಿಯ ಸೋಗು ಹಾಕಿ ಜನರನ್ನು ವಂಚಿಸಿದ ಆರೋಪ. ಪೊಲೀಸರು ಅಳತೆ ಪುಸ್ತಕಗಳನ್ನೂ ಫೋನನ್ನೂ ಹೊತ್ತುಕೊಂಡು ಹೋದರು. ಅಣ್ಣ ಠಾಣೆಗೆ ಬಂದವನು, “ಎಷ್ಟು ಬಡ್ಕೊಂಡ್ರೂ ಕೇಳ್ಲಿಲ್ಲ ಸಾರ್ ಇವ್ಳು” ಎಂದು ಪೊಲೀಸರಿಗೆ ಹೇಳಿ, ತಂಗಿಯ ಮುಖ ನೋಡದೆ ಹೋದ.

ನ್ಯಾಯಾಲಯದಲ್ಲಿ ಸಾಹೇಬರು, “ಈಯಮ್ಮನ್ನ ನಾನು ಇವತ್ತೇ ಮೊದಲು ನೋಡ್ತಿರೋದು” ಎಂದು ಹೇಳಿದರು. ಮಾತು ಎಲ್ಲೂ ತಡವರಿಸಲಿಲ್ಲ. ಆಮೇಲೆ ಮೇಷ್ಟ್ರನ್ನು ಕರೆದರು.

“ಈಕೆ ತಾನು ಮೇಯರ್ ಕಚೇರಿಯವಳು ಅಂತ ನಿಮಗೆ ಹೇಳಿದ್ರಾ?”

“ಬಾಯಿಬಿಟ್ಟು ಹೇಳ್ಲಿಲ್ಲ. ನಾನು ಹಂಗೆ ತಿಳ್ಕೊಂಡಿದ್ದೆ. ಇವರು ಅಲ್ಲ ಅನ್ಲಿಲ್ಲ.”

“ನಿಮ್ಮ ಹತ್ರ ಏನಾದ್ರೂ ಇಸ್ಕೊಂಡ್ರಾ?”

“ಇಲ್ಲ. ಚೆನ್ನಾಗಿ ಮಾತಾಡೋರು” ಎಂದರು ಮೇಷ್ಟ್ರು. “ಅಷ್ಟು ಚೆನ್ನಾಗಿ ಮಾತಾಡ್ಬಾರ್ದಿತ್ತು.”

ಟೈಲರಮ್ಮನ ಕಡೆಯ ವಕೀಲ ಅಚ್ಚಿನ ತಪ್ಪನ್ನು ಎತ್ತಿದ. ನ್ಯಾಯಾಧೀಶರು ಪತ್ರವನ್ನು ತಿರುವಿ ನೋಡಿ, ತಪ್ಪು ಅಚ್ಚಿನದಾದರೂ ‘ಖಂಡಿತ’ ಎಂದದ್ದು ಅಚ್ಚುಮೊಳೆಯಲ್ಲವಲ್ಲ ಎಂದರು. ನಾಲ್ಕು ತಿಂಗಳ ಶಿಕ್ಷೆಯಾಯಿತು. ಅವಳಿಗೆ ಅದು ಅನ್ಯಾಯವೆನಿಸಲಿಲ್ಲ. ಮಿಕ್ಕವರು ಯಾರೂ ಕಟಕಟೆಯಲ್ಲಿ ಇಲ್ಲವೆಂಬುದು ಮಾತ್ರ ಅನ್ಯಾಯವೆನಿಸಿತು.

ಆ ಹದಿನೈದು ದಿನದ ಮೇಯರ್ ಪತ್ರದಲ್ಲಿ ಅವಳ ಭಾವಚಿತ್ರ ಬಂತು. ‘ನನ್ನ ನಗರದ ಬಂಧುಗಳೇ, ನಿಮ್ಮ ನಂಬಿಕೆಯನ್ನು ಕದ್ದವಳನ್ನು ಹಿಡಿದಿದ್ದೇವೆ’ ಎಂದು ಮೇಯರ್ ಬರೆದಿದ್ದರು. ಕೆಳಗೆ ಇನ್ನೊಂದು ಚಿತ್ರ: ಹೊಸ ಮುಚ್ಚಳದ ಮೇಲೆ ಎರಡೂ ಕಾಲೂರಿ ಮೇಯರ್ ನಿಂತಿದ್ದಾರೆ, ಪಕ್ಕದಲ್ಲಿ ಮೇಷ್ಟ್ರು. ಮೇಯರ್ ಅವರ ಕೈ ಮೇಷ್ಟ್ರ ಹೆಗಲ ಮೇಲಿದೆ. ನಿಲ್ಲಿ ಎಂದಿದ್ದರು, ಮೇಷ್ಟ್ರು ನಿಂತಿದ್ದರು. ‘ಆದರ್ಶ ಬೀದಿ’ ಎಂದು ಅಡಿಬರಹ. ಆ ಹಾಳೆಯನ್ನು ಸೆರೆಮನೆಯ ಹೆಂಗಸೊಬ್ಬಳು ಟೈಲರಮ್ಮನೆದುರು ಗಟ್ಟಿಯಾಗಿ ಓದಿ, “ಫೋಟೋದಲ್ಲಿ ಚೆನ್ನಾಗಿದೀಯ ಕಣೇ” ಎಂದು ಉಳಿದವರನ್ನೆಲ್ಲ ನಗಿಸಿದಳು.

ಬಿಡುಗಡೆಯ ದಿನ ಅವಳು ನಡೆದುಕೊಂಡೇ ಮನೆಗೆ ಬಂದಳು. ಅಂಗಡಿಯಲ್ಲಿ ಬೇರೆ ಯಾರೋ ಬೀಗ ರಿಪೇರಿ ಮಾಡುತ್ತ ಕುಳಿತಿದ್ದ. ಅತ್ತಿಗೆ ಮೆಟ್ಟಿಲ ಮೇಲೆ ನಿಂತುಕೊಂಡೇ ಬಟ್ಟೆಯ ಗಂಟೊಂದನ್ನು ಕೆಳಗಿಳಿಸಿದಳು.

“ಮಿಷನ್ ಮಾರಿಬಿಟ್ವಿ. ನೀನು ಇಲ್ಲಿದ್ರೆ ಜನ ಆಡ್ಕೋತಾರೆ. ನಿಮ್ಮಣ್ಣನಿಗೆ ಡಿಪೋದಲ್ಲಿ ತಲೆ ಎತ್ತೋಕಾಗ್ತಿಲ್ಲ.”

“ಅಣ್ಣ ಇದಾನಾ?”

“ಇದಾರೆ. ಮಲ್ಕೊಂಡಿದಾರೆ.”

ಮೇಲಿನ ಕಿಟಕಿಯಲ್ಲಿ ಅಣ್ಣ ಪೇಪರು ಹಿಡಿದು ಕುಳಿತದ್ದು ಕೆಳಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಅವಳು ಗಂಟನ್ನು ಕಂಕುಳಲ್ಲಿಟ್ಟುಕೊಂಡಳು.

ಈಗ ಅವಳು ಊರಿನ ಇನ್ನೊಂದು ತುದಿಯ ಆಸ್ಪತ್ರೆಯ ಒಗೆಯುವ ಮನೆಯಲ್ಲಿ ಹರಿದ ಬಟ್ಟೆ ಹೊಲಿಯುತ್ತಾಳೆ. ನೆಲಮಾಳಿಗೆಯ ಕೋಣೆ ಅದು, ಹಬೆಯಿಂದ ಗೋಡೆಯೆಲ್ಲ ಸದಾ ಬೆವರಿರುತ್ತದೆ. ದಿನಕ್ಕೆ ಎಂಬತ್ತು ಹಾಸಿಗೆ ಬಟ್ಟೆ. ಜೊತೆಗೆ ಕೆಲಸ ಮಾಡುವವರು ಅವಳನ್ನು ಮೂಗಿ ಎಂದೇ ಕರೆಯುತ್ತಾರೆ. ಕರೆದರೆ ತಿರುಗಿ ನೋಡುತ್ತಾಳೆ. ಸತ್ತವರ ಕೆಳಗಿನಿಂದ ಎಳೆದು ತಂದ ಬಟ್ಟೆಗಳು ಬೇರೆ ಗಾಡಿಯಲ್ಲಿ ಬರುತ್ತವೆ. ಎಷ್ಟು ಬಿಸಿನೀರಿಗೆ ಹಾಕಿದರೂ ಕಲೆ ಹೋಗದ ಜಾಗವನ್ನು ಅವಳು ಕತ್ತರಿಯಿಂದ ಗುಂಡಗೆ ಕತ್ತರಿಸಿ ತೆಗೆಯುತ್ತಾಳೆ. ಉಳಿದ ಅಂಚುಗಳನ್ನು ಜೋಡಿಸಿ ದಿಂಬಿನ ಚೀಲ ಹೊಲಿದು, ಹತ್ತರ ಕಟ್ಟು ಕಟ್ಟಿ ಮೇಲಿನ ವಾರ್ಡಿಗೆ ಕಳಿಸುತ್ತಾಳೆ.