ಬೀರಪ್ಪನಿಗೆ ನಾನು ಕೊಡಬಾರದ ಹರಕೆ

ಕುರಿ ಕಾಯುವವರ ದೇವರು ಬೀರಪ್ಪನ ಭಕ್ತರೆಲ್ಲರಿಗೂ ವಾಗದರಿಯ ಶಾಂತವ್ವನ ಶರಣು. ಹೋದ ಶ್ರಾವಣದಲ್ಲಿ ಒಂದು ಸಂಜೆ ಅಕ್ಕಲಕೋಟೆಯಿಂದ ಬಸ್ಸು ಬಂತು, ನನ್ನ ಮಗಳು ಮಾಳವ್ವ ಇಳಿಯಲಿಲ್ಲ.

ಮಾಳವ್ವನಿಗೆ ಬುದ್ಧಿ ಬೆಳೆದದ್ದು ನಿಧಾನ. ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಇಂಥ ಮಕ್ಕಳನ್ನೂ ಉಳಿದವರ ಜೊತೆ ಕೂಡಿಸಿ ಕಲಿಸುತ್ತಾರೆ. ಜೊತೆಗಾತಿಯಾಗಿ ಅಕ್ಕಲಕೋಟೆಯ ಸಾಕ್ಷಿ ಎಂಬ ಸಹಪಾಠಿಯನ್ನು ಕೊಟ್ಟಿದ್ದರು; ಅಕ್ಕಲಕೋಟೆಯವರೆಗೆ ಇಬ್ಬರೂ ಕೂಡಿ ಬಂದು, ಮಾಳವ್ವ ಅಲ್ಲಿಂದ ನಮ್ಮೂರ ಬಸ್ಸು ಹತ್ತುವಳು. ಕಾಲೇಜಿನಲ್ಲಿ ಮಾಳವ್ವ ದಿನವಿಡೀ ಏನು ಮಾಡುತ್ತಾಳೋ ಎಂದು ತಿಳಿಯುವ ತವಕ ನನಗೆ. ಕೇಳಿದರೆ, "ಕೇಳತೀನಿ. ತಿಳೀಲಿಲ್ಲಂದ್ರ ಕೈ ಎತ್ತತೀನಿ," ಅನ್ನುವಳು. ಏನು ಕೇಳುತ್ತಾಳೋ, ಯಾರು ಹೇಳುತ್ತಾರೋ!

ಅಂದು ಅವಳ ಫೋನು ಸ್ವಿಚ್ ಆಫ್ ಆಗಿತ್ತು. ನನ್ನ ಗಂಡ, "ಸಾಲಿ ಸಾಕಂದಿದ್ದೆ," ಎಂದು ಗಾಡಿ ತೆಗೆದರು. ನಾನು ಹಣೆಗೆ ದೇವರ ಅರಿಶಿನ ಭಂಡಾರ ಹಚ್ಚಿಕೊಂಡು, "ಅಪ್ಪಾ, ಮಗಳನ್ನ ತಂದುಕೊಡು, ಮತ್ತ ಕಾಲೇಜಿಗೆ ಕಳಸೂದಿಲ್ಲ," ಎಂದು ಹರಕೆ ಹೊತ್ತು ಗಾಡಿ ಹತ್ತಿದೆ.

ಅಕ್ಕಲಕೋಟೆ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸಾಕ್ಷಿ ಒರಗಿದ್ದಳು, ತಲೆ ಮಾಳವ್ವನ ತೊಡೆಯ ಮೇಲೆ.

"ಮಾವಶಿ, ನನಗ ತಲಿ ತಿರುಗಿ ಚಕ್ಕರ ಬಂತ್ರಿ," ಅಂದಳು ಸಾಕ್ಷಿ. "ಇಕಿನೇ ಇಳಸಿ ನೀರ ಕುಡಿಸಿದಳು. ನಮ್ಮಪ್ಪ ಬರಾಕತ್ಯಾರ. ನಿಮ್ಮೂರ ಬಸ್ಸು ಹೋದ್ರೂ ಇಕಿ ಏಳಲಿಲ್ಲ."

ನಾನು ಬೈಯಲು ಬಾಯಿ ತೆರೆದೆ. ಮಾಳವ್ವ ಬೆರಗಿನಿಂದ ನೋಡಿದಳು. "ಯವ್ವಾ, ಕುಂಟ ಕುರಿ ಬಿಟ್ಟು ಹಿಂಡಿನ ಹಿಂದ ಯಾರ ಬರತಾರ?"

ನನ್ನ ಗಂಡ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡರು.

ಸಾಕ್ಷಿಯ ಅಪ್ಪ ಬರುವವರೆಗೆ ಕಾದು ಮನೆಗೆ ಬಂದ ಮೇಲೆ ಹರಕೆ ನೆನಪಾಯಿತು. ದೇವರು ಕೊಟ್ಟಾಗಿತ್ತು, ಈಗ ನಾನು ಕೊಡಬೇಕು. ಕಾಲೇಜು ಬಿಡಿಸುತ್ತೇನೆ ಎಂದಾಗ ಮಾಳವ್ವ ಉಣ್ಣಲಿಲ್ಲ. ರವಿವಾರ ತಾಯಿ ಮಗಳು ಇಬ್ಬರೂ ಗುಡಿಗೆ ಹೋದೆವು. ಪೂಜಾರಿ ಕಾಕಾ ಎಲ್ಲ ಕೇಳಿ ನಕ್ಕೇಬಿಟ್ಟರು.

"ಅಲ್ಲಬೇ ಶಾಂತವ್ವಾ, ಮಂದಿ ಹಿಂಡಿನ ಕುರಿ ತಂದು ದೇವರಿಗೆ ಬಿಡಾಕ ಬರತೈತೇನ?"

"ಇಲ್ರಿ. ನಮ್ಮದ ಬಿಡಬೇಕು."

"ಮತ್ತ ಆಕಿ ಕಲಿಯೂದು ಯಾರದು? ಹೊಲ ಒಬ್ಬರದು, ಹರಕಿ ಇನ್ನೊಬ್ಬರದೇನ? ಬೀರಪ್ಪ ಅದನ್ನ ಒಲ್ಲ. ನಿಂದೇನೈತಿ, ಅದನ್ನ ಕೊಡು." ನಂತರ ಮಗಳ ಕಡೆ ತಿರುಗಿ ಕೇಳಿದರು, "ನಿನ್ನ ಮನಸಿನ್ಯಾಗೇನೈತಿ, ಮಗಳೇ?"

ಅವಳನ್ನು ಅಷ್ಟು ದಿನ ಯಾರೂ ಹಾಗೆ ಕೇಳಿರಲಿಲ್ಲ, ನಾನು ಸಹ.

"ನಾ ನಾಳೆ ಹೋಗಬೇಕ್ರಿ. ವರ್ಗದಾಗ ಎಲ್ಲಾರ ಮುಂದ ಕುರಿ ಸುದ್ದಿ ಹೇಳೂ ಪಾಳಿ ನಂದು."

ಕಾಕಾ ಅವಳ ಹಣೆಗೆ ಭಂಡಾರ ಹಚ್ಚಿದರು. ನನ್ನ ತವರಿನಿಂದ ಬಂದ ಟಗರಿತ್ತು, ಅದನ್ನು ದೇವರಿಗೆ ಬಿಟ್ಟೆ.

ಮರುದಿನ ಬಸ್ಸು ಬಂದಾಗ, "ಹೆದರಿಕಿ ಆಗೂದಿಲ್ಲೇನ?" ಅಂದೆ.

"ನಿನಗ ಆಗತೈತಿ ಯವ್ವಾ, ನನಗಿಲ್ಲ," ಎಂದು ಹತ್ತಿ ಕಿಟಕಿಯ ಬಳಿ ಕುಳಿತಳು.

ಬೀರಪ್ಪಾ, ಮಗಳನ್ನು ನನಗೆ ತಂದುಕೊಡು ಎಂದು ಬೇಡಿದ್ದೆ. ನೀನು ಅವಳನ್ನು ಅವಳಿಗೇ ಕೊಟ್ಟೆ. ನಿನ್ನ ಪಾದಕ್ಕೆ ನನ್ನ ಹಣೆ.