ಕರೆಂಟ್ ಹೋದಾಗ ಕೇಳುವ ಕಿವಿ

ಅವರ ಬಲಗಿವಿಯ ಅಂಚಿನಲ್ಲಿ ಸದಾ ಒಂದು ಕಪ್ಪು ಗ್ರೀಸಿನ ಗುರುತು ಇರುತ್ತಿತ್ತು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುವುದು ನಮ್ಮ ಬೀದಿಯ ಮೆಕ್ಯಾನಿಕ್ಕಿನ ಪದ್ಧತಿ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಕರೆಂಟ್ ಮಗ್ಗಗಳ ಸದ್ದಿಗೆ ಪಕ್ಕದವರ ಮಾತೇ ಕೇಳಿಸುವುದಿಲ್ಲ. ಹಾಗಾಗಿ ಯಾವ ಗಾಡಿ ಬಂದರೂ ಅವರದು ಒಂದೇ ಮಾತು: "ಕರೆಂಟ್ ಹೋಗ್ಲಿ, ತಡೀರಿ ಸ್ವಾಮಿ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಕರೆಂಟ್ ಹೋದರೆ ನನ್ನ ಆರು ಮಗ್ಗಗಳೂ ನಿಲ್ಲುತ್ತವೆ. ನನ್ನ ಕೆಲಸ ಕೆಟ್ಟ ಹೊತ್ತೇ ಅವರ ಕೆಲಸದ ಹೊತ್ತು!

ಪೆಟ್ರೋಲನ್ನು ನೇರ ಸಿಲಿಂಡರಿನೊಳಕ್ಕೇ ಸಿಂಪಡಿಸುವ ಇಂಜಿನ್ನಿನ ಹೊಸ ಕಾರು ಕೊಂಡಿದ್ದೆ. ಮೈಲೇಜ್ ಚೆನ್ನಾಗಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಬರಬರುತ್ತಾ ಇಳಿಯಿತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಕೆಮ್ಮತೊಡಗಿತು. ಅವರ ಬಳಿ ಒಯ್ದೆ. ಹಾಳಾದ್ದು, ಅವತ್ತೇ ಸಂಜೆ ನಾಲ್ಕರವರೆಗೂ ಕರೆಂಟ್ ಹೋಗಲಿಲ್ಲ. ಹೋದ ಮೇಲೆ ಅವರು ಕಿವಿಗೊಟ್ಟು ಕೇಳಿ, "ವಾಲ್ವ್ ಬಾಯಿಗೆ ಮಸಿ ಕಟ್ಟಿದೆ, ಬಿಚ್ಚಿ ಕೆರೀಬೇಕು" ಎಂದರು.

"ಪೆಟ್ರೋಲು ನೇರ ಒಳಗೇ ಬೀಳುತ್ತಲ್ರೀ, ಬಾಯಿಗೆ ಯಾಕೆ ಮಸಿ?"

"ಅದಕ್ಕೇ ಸ್ವಾಮಿ. ಹಳೇ ಗಾಡೀಲಿ ಪೆಟ್ರೋಲು ಈ ವಾಲ್ವ್ ಬಾಗ್ಲು ತೊಳ್ಕೊಂಡೇ ಒಳಕ್ಕೆ ಹೋಗ್ತಿತ್ತು. ಇದ್ರಲ್ಲಿ ನೇರ ನಡುಮನೆಗೇ ಬೀಳ್ತದೆ. ಒಳಗೆ ತಂಪಾಗ್ತದೆ, ಒತ್ತಡ ಜಾಸ್ತಿ ಕೊಡ್ಬೋದು, ಕಮ್ಮಿ ಪೆಟ್ರೋಲಲ್ಲಿ ಜಾಸ್ತಿ ಓಡ್ತದೆ, ಎಲ್ಲಾ ನಿಜ. ಆದ್ರೆ ಆಯಿಲ್ ಹೊಗೆ ಮೆತ್ಕೊಂಡ ಬಾಗ್ಲು ತೊಳೆಯೋರು ಯಾರು?"

ಬೆಳಗಿನಿಂದ ಕಾದ ಸಿಟ್ಟು ನೆತ್ತಿಗೇರಿತ್ತು. "ಕಾರ್ಬುರೇಟರ್ ಕಾಲದವರು ನೀವು. ಹೊಸ ಇಂಜಿನ್ ವಿಷಯ ನಿಮಗೇನ್ರೀ ಗೊತ್ತು?" ಎಂದು ಕಿರುಚಿದೆ. ಮಗ್ಗದ ಸದ್ದಿನಲ್ಲಿ ಕಿರುಚಿಯೇ ಮಾತಾಡುವ ಅಭ್ಯಾಸ. ಮಗ್ಗ ನಿಂತಿರುವುದು ಮರೆತೇಹೋಗಿತ್ತು. ಬೀದಿಗೆಲ್ಲ ಕೇಳಿಸಿತು. ಎದುರು ಜಗುಲಿಯಲ್ಲಿ ಯಾರೋ ನಕ್ಕರು. ಅವರು ಸ್ಕ್ರೂಡ್ರೈವರ್ ಒರೆಸಿಕೊಂಡು, "ಆಯ್ತು ಬಿಡಿ" ಎಂದರು, ಅಷ್ಟೆ.

ಒಂದು ವರ್ಷ ಬೇರೆ ಬೇರೆ ಕಡೆ ಅಲೆದೆ. ಪ್ಲಗ್ ಬದಲಾಯಿತು, ಸೆನ್ಸರ್ ಬದಲಾಯಿತು, ಕೆಮ್ಮು ಹೋಗಲಿಲ್ಲ. ತಪ್ಪಾಯಿತು ಎನ್ನಲು ಹೋಗಬೇಕು ಎಂದುಕೊಳ್ಳುತ್ತಿದ್ದೆ. ಅವರ ಅಂಗಡಿ ಮುಂದೆ ಬಂದರೆ ಕಾಲು ತಾನಾಗಿಯೇ ಬಿರುಸಾಗುತ್ತಿತ್ತು. ನನ್ನ ಹಟಕ್ಕೆ ಬೆಂಕಿ ಹಾಕ! ಅಷ್ಟರಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು.

ಅಂಗಡಿ ಈಗ ಅವರ ಮಗಳದು. ಕೊನೆಗೂ ಕಾರು ಅಲ್ಲಿಗೇ ಒಯ್ದೆ. ಗೋಡೆಯ ಮೊಳೆಯಿಂದ ಆಕೆ ಒಂದು ಬಗ್ಗಿಸಿದ ಸೈಕಲ್ ಕಡ್ಡಿ ತೆಗೆದಳು.

"ನಿಮ್ ಗಾಡಿ ಮಸಿ ಕೆರೆಯೋಕೇಂತ ಅಪ್ಪ ಮಾಡಿಟ್ಟಿದ್ರು ಅಂಕಲ್. ಮಗ್ಗದೋರು ಬಂದೇ ಬರ್ತಾರೆ ಅಂತಿದ್ರು."

ಬಿಚ್ಚಿದರೆ ವಾಲ್ವ್‌ಗಳ ಮೇಲೆ ತವೆಯ ತಳದಂಥ ಮಸಿ. ಕೆರೆದು, ತೊಳೆದು, ಮತ್ತೆ ಜೋಡಿಸಿದಳು. ಆಮೇಲೆ ಇಬ್ಬರೂ ಕರೆಂಟ್ ಹೋಗಲೆಂದು ಕಾದೆವು. ಹೋಯಿತು, ಮಗ್ಗಗಳು ನಿಂತವು. ಇಂಜಿನ್ ಒಂದೇ ಸಮ ಓಡುತ್ತಿತ್ತು.

"ತಪ್ಪು ನಂದೇ ಕಣಮ್ಮ" ಎಂದು, ಬೇಕೆಂದೇ, ಕಿರುಚಿ ಹೇಳಿದೆ. ಬೀದಿಗೆಲ್ಲ ಕೇಳಿಸಿತು. ಕೇಳಬೇಕಾಗಿದ್ದ ಆ ಕಿವಿ ಮಾತ್ರ ಇರಲಿಲ್ಲ.